ಮರ ಕೊಯ್ಯುವ ಯಂತ್ರ: ಬಾರ್ ಉದ್ದ ನೋಡಿ ಮರುಳಾಗಬೇಡಿ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತು)



ಸಂಘದ ಸಾಲದಲ್ಲಿ ಹಸು, ಕುರಿ, ಹೊಲಿಗೆ ಯಂತ್ರ ತಗೊಳ್ಳುವ ವಿಷಯ ನಾವು ಇಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ. ಇವತ್ತು ಮರ ಕೊಯ್ಯುವ ಯಂತ್ರ, ಅಂದರೆ ಚೈನ್ ಸಾ ಬಗ್ಗೆ ಹೇಳಿ ಅಂತ ಕೇಳಿದ್ದಾರೆ. "ಅದು ಗಂಡಸರ ವಿಷಯ, ನಮಗ್ಯಾಕೆ?" ಅಂತ ಕೆಲವರಿಗೆ ಅನ್ನಿಸಬಹುದು. ಯಂತ್ರ ಹಿಡಿಯೋರು ಮನೆಯ ಗಂಡಸರೇ ಇರಬಹುದು. ಆದರೆ ಸಾಲದ ಪುಸ್ತಕಕ್ಕೆ ಸಹಿ ಹಾಕೋದು ನಾವು, ಕಂತು ಕಟ್ಟೋದೂ ನಾವು. ಆದ್ದರಿಂದ ಕೊಳ್ಳುವ ಮುಂಚೆ ನಾಲ್ಕು ಮಾತು ತಿಳಿದಿರಬೇಕಾದವರೂ ನಾವೇ.

ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಈ ಯಂತ್ರಕ್ಕೆ ಕೆಲಸ ಇದೆ. ಹೊಲದಲ್ಲಿ ಹಳೇ ನೀಲಗಿರಿ ತೋಪುಗಳಿವೆ. ನೀಲಗಿರಿ ಹೊಸದಾಗಿ ನೆಡಬಾರದು ಅಂತ ಸರ್ಕಾರ 2017ರಲ್ಲಿ ಆದೇಶ ಮಾಡಿದ ಮೇಲೆ, ಇರುವುದನ್ನು ಕೊಯ್ದು ಬೇರೆ ಬೆಳೆ ಇಡೋಣ ಅನ್ನುವವರು ಇದ್ದಾರೆ. ಮಾವಿನ ತೋಟದಲ್ಲಿ ಮುದಿ ಮರ, ಒಣಗಿದ ಕೊಂಬೆ ತೆಗೆಯೋ ಕೆಲಸ ಇರುತ್ತೆ. ರೇಷ್ಮೆ ಗೂಡು ಬೇಯಿಸೋಕೆ ಸೌದೆ ಬೇಕು. ಕೊಡಲಿ ಹಿಡಿಯೋ ಆಳು ಸಿಗೋದೇ ಕಷ್ಟ. ಹಾಗಾಗಿ ಒಂದು ಯಂತ್ರ ತಂದು ಬಾಡಿಗೆಗೆ ಬಿಟ್ಟರೆ ಸಾಲ ತೀರುತ್ತೆ ಅನ್ನೋ ಯೋಚನೆ ತಪ್ಪಲ್ಲ.

ನಾವೂ ಹಾಗೇ ಯೋಚನೆ ಮಾಡಿ ತಂದೆವು. ಆದರೆ ಎಡವಿದ್ದು ಎಲ್ಲಿ ಅನ್ನೋದನ್ನ ಮುಚ್ಚಿಡದೆ ಹೇಳುತ್ತೇವೆ.

ಅಂಗಡಿಯಲ್ಲಿ ಎರಡು ಯಂತ್ರ ಇಟ್ಟಿದ್ದರು. ಇಂಜಿನ್ ಎರಡಕ್ಕೂ ಒಂದೇ, 45 ಸಿ.ಸಿ. ಒಂದಕ್ಕೆ 16 ಇಂಚಿನ ಬಾರ್, ಇನ್ನೊಂದಕ್ಕೆ 22 ಇಂಚಿನ ಬಾರ್. "ಸ್ವಲ್ಪ ಹೆಚ್ಚು ಕೊಟ್ಟರೆ ದೊಡ್ಡದೇ ಸಿಗುತ್ತಲ್ಲಮ್ಮ" ಅಂದರು. ನಮಗೂ ಉದ್ದ ಇದ್ದದ್ದೇ ಗಟ್ಟಿ ಅನ್ನಿಸಿತು. ತಂದು ನೀಲಗಿರಿ ಕೊಯ್ಯೋಕೆ ಹಾಕಿದೆವು. ಮೊದಲ ವಾರವೇ ಇಂಜಿನ್ ಏದುಸಿರು ಬಿಡೋದು, ಚೈನು ಕಾದು ಸಡಿಲ ಆಗೋದು ಶುರುವಾಯಿತು. ಎರಡನೇ ತಿಂಗಳಿಗೆ ಇಂಜಿನ್ ಜಾಮ್. ಆಗ ಮೆಕ್ಯಾನಿಕ್ ಕೇಳಿದ್ದು ಒಂದೇ ಮಾತು: "ಈ ಇಂಜಿನ್‌ಗೆ ಇಷ್ಟುದ್ದ ಬಾರ್ ಯಾಕಮ್ಮ ಹಾಕಿಸಿದ್ರಿ?" ಯಂತ್ರ ಮೂಲೆ ಸೇರಿತು. ಕಂತು ಇನ್ನೂ 11 ಬಾಕಿ ಇತ್ತು. ಯಂತ್ರ ತರೋಣ ಅಂತ ಮೊದಲು ಹೇಳಿದವಳ ಜೊತೆ ಇಬ್ಬರು ಸದಸ್ಯರು ಮಾತು ಬಿಟ್ಟರು. ದುಡ್ಡು ಹೋದದ್ದಕ್ಕಿಂತ ಅದೇ ನಮಗೆ ಹೆಚ್ಚು ನೋವಾಯಿತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ಹಾಸಿಗೆ ಅಂದರೆ ಇಂಜಿನ್, ಕಾಲು ಅಂದರೆ ಬಾರ್. ಬಾರ್ ಉದ್ದವಾದಷ್ಟೂ ಇಂಜಿನ್ ಎಳೆಯಬೇಕಾದ ಚೈನು ಉದ್ದ, ಉಜ್ಜಾಟ ಜಾಸ್ತಿ, ಒಂದೇ ಸಲಕ್ಕೆ ಮರದೊಳಗೆ ಕೂರುವ ಹಲ್ಲುಗಳೂ ಜಾಸ್ತಿ. ಜೋಡಿ ಎತ್ತಿನ ನೇಗಿಲಿಗೆ ಒಂಟಿ ಎತ್ತು ಕಟ್ಟಿದ ಹಾಗೆ. ಎತ್ತು ಎಳೆಯುತ್ತೆ, ಆದರೆ ಎಷ್ಟು ದಿನ?

ಈಗ ಆರಿಸೋದು ಹೇಗೆ ಅಂತ ನೋಡೋಣ.

ಮೊದಲು ಮರ ನೋಡಿ. ಅಂಗಡಿಗೆ ಹೋಗುವ ಮುಂಚೆ ಒಂದು ಹಗ್ಗ ಹಿಡಿದು ತೋಪಿಗೆ ಹೋಗಿ. ಕೊಯ್ಯುವ ಜಾಗದಲ್ಲಿ ಮರದ ಸುತ್ತಳತೆ ತಗೊಂಡು ಮೂರರಿಂದ ಭಾಗಿಸಿ. ಸುತ್ತಳತೆ 36 ಇಂಚು ಇದ್ದರೆ ಮರದ ದಪ್ಪ ಹೆಚ್ಚುಕಡಿಮೆ 12 ಇಂಚು. ಬಾರ್ ಅದಕ್ಕಿಂತ ಎರಡು ಇಂಚು ಉದ್ದ ಇದ್ದರೆ ಸಾಕು, 14 ಇಂಚು. ಹತ್ತಾರು ಮರ ಅಳೆದು ಬರೆದುಕೊಳ್ಳಿ. ಕೊಯ್ದ ಬುಡದಿಂದ ಚಿಗುರಿ ಬಂದ ನೀಲಗಿರಿಗೆ ದೊಡ್ಡ ಬಾರ್ ಬೇಕಾಗೋದೇ ಇಲ್ಲ. ಎಲ್ಲೋ ಒಂದು ದಪ್ಪ ಹುಣಸೆ ಮರ ಸಿಕ್ಕೀತು ಅಂತ ದಿನಾ ದೊಡ್ಡ ಬಾರ್ ಹೊರಬೇಡಿ. ಅಂಥ ಮರವನ್ನು ಪಳಗಿದವರು ಎರಡು ಕಡೆಯಿಂದ ಕೊಯ್ಯುತ್ತಾರೆ.

ಆಮೇಲೆ ಇಂಜಿನ್ ನೋಡಿ. 30ರಿಂದ 35 ಸಿ.ಸಿ.ಗೆ 12ರಿಂದ 14 ಇಂಚು. 40ರಿಂದ 45 ಸಿ.ಸಿ.ಗೆ 16 ಇಂಚು, ಬಹಳ ಅಂದರೆ 18. 50ರಿಂದ 60 ಸಿ.ಸಿ.ಗೆ 18ರಿಂದ 20 ಇಂಚು. ಅದಕ್ಕಿಂತ ಉದ್ದದ ಬಾರ್ ಬೇಕಾದರೆ 70 ಸಿ.ಸಿ. ಹತ್ತಿರದ ಇಂಜಿನ್ ಬೇಕು. ಅದು ಭಾರ, ಪೆಟ್ರೋಲೂ ಹೆಚ್ಚು ಕುಡಿಯುತ್ತೆ. ಇದು ಅಂದಾಜಿನ ಲೆಕ್ಕ. ಯಾವ ಮಾದರಿಗೆ ಎಷ್ಟು ಇಂಚಿನವರೆಗೆ ಬಾರ್ ಹಾಕಬಹುದು ಅಂತ ಕಂಪನಿಯ ಪುಸ್ತಕದಲ್ಲೇ ಬರೆದಿರುತ್ತೆ. ಪುಸ್ತಕ ಕೇಳಿ ಇಸಿದುಕೊಳ್ಳಿ, ಓದು ಬರುವ ಮಕ್ಕಳಿಂದ ಓದಿಸಿ. ಬಾರ್ ಅಳೆಯುವಾಗ ಯಂತ್ರದಿಂದ ಹೊರಗೆ ಕಾಣುವ ಭಾಗವನ್ನು ಮಾತ್ರ ಅಳೆಯಬೇಕು, ಒಳಗೆ ಸೇರಿಕೊಂಡಿರುವುದು ಲೆಕ್ಕಕ್ಕಿಲ್ಲ.

ಚೈನು ತರುವಾಗ ಇಂಚು ಒಂದೇ ಹೇಳಿದರೆ ಸಾಲದು. ಮೂರು ಲೆಕ್ಕ ಹೊಂದಬೇಕು: ಕೊಂಡಿಗಳ ನಡುವಿನ ಅಂತರ, ಅದಕ್ಕೆ ಪಿಚ್ ಅಂತಾರೆ. ಬಾರಿನ ಗಾಡಿಯಲ್ಲಿ ಕೂರುವ ಕೊಂಡಿಯ ದಪ್ಪ, ಅದು ಗೇಜ್. ಮೂರನೆಯದು ಆ ಕೊಂಡಿಗಳ ಎಣಿಕೆ. ಬಾರಿನ ಬುಡದ ಹತ್ತಿರ ಇವು ಸಾಮಾನ್ಯವಾಗಿ ಅಚ್ಚಾಗಿರುತ್ತವೆ. ಅಳಿಸಿ ಹೋಗುವ ಮುಂಚೆ ಸಂಘದ ಪುಸ್ತಕದಲ್ಲಿ ಬರೆದಿಡಿ. ಒಂದು ತಪ್ಪಿದರೂ ಚೈನು ಕೂರೋದಿಲ್ಲ, ಕೂತರೂ ಕಳಚಿ ಬಂದೀತು.

ಎಣ್ಣೆಯ ವಿಷಯ. ಬರೀ ಪೆಟ್ರೋಲ್ ಹಾಕಿದರೆ ಇಂಜಿನ್ ಸುಟ್ಟು ಹೋಗುತ್ತೆ, ಟೂ ಸ್ಟ್ರೋಕ್ ಆಯಿಲ್ ಬೆರೆಸಲೇಬೇಕು. ಐವತ್ತಕ್ಕೆ ಒಂದು ಪಾಲು ಅಂತ ಪುಸ್ತಕ ಹೇಳಿದರೆ ಲೀಟರಿಗೆ 20 ಮಿಲಿ. ಚೈನಿನ ಎಣ್ಣೆ ಬೇರೆ, ಅದರ ತೊಟ್ಟಿಯೂ ಬೇರೆ. ಪೆಟ್ರೋಲ್ ತುಂಬಿಸಿದಾಗಲೆಲ್ಲ ಅದನ್ನೂ ತುಂಬಿಸಿ. ಹೊಟ್ಟು ಚಕ್ಕೆ ಚಕ್ಕೆಯಾಗಿ ಬಿದ್ದರೆ ಹಲ್ಲು ಚೂಪು. ಹಿಟ್ಟಿನ ಹಾಗೆ ಉದುರಿದರೆ ಕೆಲಸ ನಿಲ್ಲಿಸಿ, ಅರ ಹಾಕಿ.

ಇನ್ನು ಪ್ರಾಣದ ಮಾತು. ಬಾರಿನ ತುದಿಯ ಮೇಲ್ಭಾಗ ಮರಕ್ಕೋ ಕೊಂಬೆಗೋ ತಗುಲಿದರೆ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದವನ ಮುಖದ ಕಡೆ ಚಿಮ್ಮುತ್ತೆ. ಬಾರ್ ಬೇಡದೆ ಉದ್ದ ಇದ್ದರೆ ತುದಿ ಎಲ್ಲಿದೆ ಅನ್ನೋದೇ ಕಾಣೋದಿಲ್ಲ. ಚೈನ್ ಬ್ರೇಕ್ ಕೆಲಸ ಮಾಡುತ್ತಾ ಅಂತ ದಿನಾ ನೋಡಬೇಕು. ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು ಇರಬೇಕು. ಪಂಚೆ ಉಟ್ಟು, ಚಪ್ಪಲಿ ಹಾಕಿ, ಯಂತ್ರ ಹಿಡಿದು ಮರ ಹತ್ತುವವನಿಗೆ ಬಾಡಿಗೆಗೆ ಕೊಡಬೇಡಿ. ಒಂದು ದಿನದ ಬಾಡಿಗೆ ಹೋದರೆ ಹೋಗಲಿ. ಈ ಸಾಮಾನುಗಳ ಬೆಲೆಯನ್ನೂ ಸಾಲದ ಅರ್ಜಿಯಲ್ಲೇ ಸೇರಿಸಿ.

ಕಾನೂನೂ ಇದೆ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಮೀನಿನ ಮರಕ್ಕೂ ಅನುಮತಿ ಬೇಕಾಗಬಹುದು. ನೀಲಗಿರಿ, ಸರ್ವೆಯಂಥ ಕೆಲವಕ್ಕೆ ವಿನಾಯಿತಿ ಇದೆ. ಬೇರೆ ಮರವಾದರೆ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ರಸ್ತೆ ಬದಿ, ಗೋಮಾಳ, ಶ್ರೀಗಂಧ ಇವುಗಳ ತಂಟೆಗೆ ಹೋಗಲೇಬೇಡಿ. ಬಾಡಿಗೆಗೆ ಕೊಡುವಾಗ ಯಾರ ಜಮೀನು, ಯಾವ ಮರ ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ.

ನಮ್ಮ ಕಥೆ ಏನಾಯಿತು ಅಂತೀರಾ? ಆ 11 ಕಂತನ್ನು ಎಲ್ಲರೂ ಹಂಚಿಕೊಂಡು ಕಟ್ಟಿದೆವು. ಇಂಜಿನ್ ರಿಪೇರಿ ಮಾಡಿಸಿ, 16 ಇಂಚಿನ ಬಾರು, ಅದಕ್ಕೆ ಹೊಂದುವ ಚೈನು ಹಾಕಿಸಿದೆವು. ಅದೇ ಯಂತ್ರ ಈಗ ದುಡಿಯುತ್ತಿದೆ. ಮಾತು ಬಿಟ್ಟಿದ್ದವರೂ ವಾರದ ಸಭೆಗೆ ಬರುತ್ತಿದ್ದಾರೆ. 22 ಇಂಚಿನ ಬಾರನ್ನು ಮಾರಿಲ್ಲ, ಸಭೆ ನಡೆಯುವ ಕೋಣೆಯ ಗೋಡೆಗೆ ತೂಗುಹಾಕಿದ್ದೇವೆ. ಹೊಸದಾಗಿ ಏನಾದರೂ ಕೊಳ್ಳೋಣ ಅಂತ ಯಾರಾದರೂ ಎದ್ದರೆ, ಮೊದಲು ಅದರ ಕಡೆ ಒಮ್ಮೆ ನೋಡುತ್ತೇವೆ.

ನಿಮ್ಮ ಸಂಘದಲ್ಲೂ ಯಂತ್ರ ಕೊಳ್ಳುವ ಠರಾವು ಬಂದರೆ, ಸಹಿ ಹಾಕುವ ಮುಂಚೆ ಹಗ್ಗ ಹಿಡಿದು ತೋಪಿಗೆ ಹೋಗಿ ಬನ್ನಿ.