ಯಂತ್ರವನ್ನು ಕೇಳುವ ಮೊದಲು

1997ರಲ್ಲಿ ಡೀಪ್ ಬ್ಲೂ ಎಂಬ ಗಣಕಯಂತ್ರವು ಚದುರಂಗದ ವಿಶ್ವವಿಜೇತ ಕಾಸ್ಪರೋವ್ ಅವರನ್ನು ಸೋಲಿಸಿತು. ಇನ್ನು ಮನುಷ್ಯನು ಮಣೆಯ ಮುಂದೆ ಕುಳಿತು ಯೋಚಿಸುವುದೇಕೆಂದು ಕೇಳಿದವರುಂಟು. ಆದರೆ 2024ರಲ್ಲಿ ವಿಶ್ವವಿಜೇತರಾದ ಚೆನ್ನೈಯ ಗುಕೇಶ್ ಬೆಳೆದ ಬಗೆಯನ್ನು ನೋಡಿ. ಎಳವೆಯಲ್ಲಿ ಅವರ ಗುರು ವಿಷ್ಣು ಪ್ರಸನ್ನ ಯಂತ್ರದ ಸಲಹೆಯನ್ನು ಬಹುಕಾಲ ದೂರವಿಟ್ಟು, ಸ್ವಂತ ಯೋಚನೆಯನ್ನೇ ರೂಢಿಮಾಡಿಸಿದರು. ಪಂದ್ಯದ ಹೊತ್ತಿನಲ್ಲಿ ಕೈಹಿಡಿಯುವುದು ಅದೊಂದೇ ಅಲ್ಲವೆ?

ಈಗ ಕೃತಕ ಬುದ್ಧಿಯು ಪ್ರಬಂಧ ಬರೆದುಕೊಡುತ್ತದೆ, ಲೆಕ್ಕ ಬಿಡಿಸುತ್ತದೆ. ಅದು ಬೇಡವೆನ್ನಬೇಕಾಗಿಲ್ಲ. ಆದರೆ ಬಂದ ಉತ್ತರವನ್ನು ತೂಗಿ ನೋಡುವ ಶಕ್ತಿ, ತಾನೇ ಒಮ್ಮೆ ಹೆಣಗಿದವನಿಗೆ ಮಾತ್ರ ಬರುತ್ತದೆ. ನಿಮ್ಮ ಮಗುವು ಲೆಕ್ಕದ ಮುಂದೆ ಸುಮ್ಮನೆ ಕುಳಿತಿದ್ದರೆ ಅವಸರಪಡಿಸಬೇಡಿ. ಇನ್ನೊಂದು ಅರ್ಧ ಗಂಟೆ ಕೊಡಿ. ಯಂತ್ರವನ್ನು ಆಮೇಲೆ ಕೇಳಿದರಾಯಿತು.