ದಿವಸ ಮುಗಿದ ಮೇಲೆ ಯಾರು ಬರುತ್ತಾರೆ?



ಸಂಕಟದ ಕಾಲದಲ್ಲಿ ಸಮುದಾಯ ಹೇಗೆ ಕೈಹಿಡಿಯುತ್ತದೆ ಎಂಬುದು ಚಿಕ್ಕೇರೂರಿನ ಈ ವಿಚಾರ ಸಂಕಿರಣದ ವಿಷಯ. ಸಮುದಾಯದ ಗುಣಗಾನ ಮಾಡಿ ಕುಳಿತುಬಿಡುವುದು ಸುಲಭ. ಅದಕ್ಕೆ ಬೇಕಾದದ್ದು ನಮ್ಮ ಸೀಮೆಯಲ್ಲಿ ಧಾರಾಳವಾಗಿದೆ. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಕನಕದಾಸರು, ಅದೇ ತಾಲೂಕಿನ ಶಿಶುವಿನಹಾಳದಲ್ಲಿ ಶರೀಫರು, ನಮ್ಮ ಹಿರೇಕೆರೂರು ತಾಲೂಕಿನ ಅಬಲೂರಿನ ಜನ ತಮ್ಮವನೆಂದು ಎದೆಗೆ ಅಪ್ಪಿಕೊಂಡಿರುವ ಸರ್ವಜ್ಞ. ಆದರೆ ಸಾಲಕ್ಕೆ ಸಿಕ್ಕು ಜೀವ ಕಳೆದುಕೊಂಡವರ ಮನೆಗಳಿಗೆ ವರ್ಷಗಳಿಂದ ಹೋಗಿ ಬರುತ್ತಿರುವ ನಾನು ಬೇರೆಯದೇ ಮಾತಿನಿಂದ ಶುರು ಮಾಡಬೇಕಾಗಿದೆ. ಊರು ಮನುಷ್ಯನನ್ನು ಉಳಿಸುತ್ತದೆ, ನಿಜ. ಅದೇ ಊರು ಅವನ ಮಾನ ಕಳೆದು ಮೂಲೆಗೂ ತಳ್ಳುತ್ತದೆ. ಎರಡರಲ್ಲಿ ಯಾವುದು ನಡೆಯುತ್ತದೆ ಎನ್ನುವುದು ಬಹುಮಟ್ಟಿಗೆ ಆ ಊರಿನಲ್ಲಿ ಸಾಲದ ಮಾತು ಹೇಗೆ ನಡೆಯುತ್ತದೆ ಎಂಬುದರ ಮೇಲೆ ನಿಂತಿದೆ.

2022ರಲ್ಲಿ ದೇಶದಲ್ಲಿ ಕೃಷಿಯನ್ನು ನಂಬಿದ 11,290 ಮಂದಿ ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಬರೆದಿದೆ. ಅವರಲ್ಲಿ 2,392 ಮಂದಿ ಕರ್ನಾಟಕದವರು. ಮಹಾರಾಷ್ಟ್ರ ಬಿಟ್ಟರೆ ನಾವೇ. ಆ 11,290ರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೃಷಿ ಕೂಲಿಕಾರರು, ಕಳೆದುಕೊಳ್ಳಲು ಹೊಲವೂ ಇಲ್ಲದವರು. ಉತಾರದಲ್ಲಿ ಹೆಸರಿಲ್ಲದ ಹೆಣ್ಣುಮಗಳು ಬದುಕೆಲ್ಲ ಹೊಲದಲ್ಲೇ ದುಡಿದು ಸತ್ತರೂ ರೈತರ ಲೆಕ್ಕಕ್ಕೆ ಬರುವುದು ಅಪರೂಪ, ಗೃಹಿಣಿಯರ ಲೆಕ್ಕಕ್ಕೆ ಹೋಗುತ್ತಾಳೆ. ಅಂಕಿಗಳನ್ನು ಇಷ್ಟಕ್ಕೇ ಬಿಡುತ್ತೇನೆ.

ಹಿರಿಯರಿಗೆ ನೆನಪಿರಬೇಕು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಬಂಡೆದ್ದರು. ಆ ಬಿಸಿಯಲ್ಲಿ ಬೆಳೆದ ರಾಜ್ಯ ರೈತ ಸಂಘ ಎಂಬತ್ತರ ದಶಕದಲ್ಲಿ ಹಳ್ಳಿ ಹಳ್ಳಿಯ ಬಾಯಲ್ಲಿ ಫಲಕ ನಿಲ್ಲಿಸಿತು: ಅಪ್ಪಣೆಯಿಲ್ಲದೆ ಸಾಲ ವಸೂಲಿಯ ಅಧಿಕಾರಿಗಳು ಊರೊಳಗೆ ಕಾಲಿಡಬಾರದು. ಬ್ಯಾಂಕಿನವರು ಜಪ್ತಿ ಮಾಡಿ ಒಯ್ದ ಪಾತ್ರೆ ಪಗಡ, ಬಾಗಿಲುಗಳನ್ನು ರೈತರು ಗುಂಪಾಗಿ ಹೋಗಿ ವಾಪಸು ತಂದರು, ಅದನ್ನು ಮರುಜಪ್ತಿ ಎಂದರು. ಆ ಚಳವಳಿಯ ಆರ್ಥಿಕ ನಿಲುವುಗಳ ಬಗ್ಗೆ ವಾದವಿರಬಹುದು. ಅದು ಮನಸ್ಸಿಗೆ ಮಾಡಿದ ಉಪಕಾರವನ್ನು ಮಾತ್ರ ನಾವು ಬರೆದಿಟ್ಟುಕೊಂಡಿಲ್ಲ. ವಸೂಲಿಗೆ ಬಂದವನ ಎದುರು ಒಬ್ಬನೇ ತಲೆತಗ್ಗಿಸಿ ನಿಲ್ಲುತ್ತಿದ್ದ ರೈತನ ಪಕ್ಕದಲ್ಲಿ ಹಸಿರು ಟವೆಲ್ಲಿನ ನಾಲ್ಕು ಜನ ಬಂದು ನಿಂತರು. ಸಾಲ ಅವನ ಮನೆಯ ಗುಟ್ಟಾಗಿ ಉಳಿಯಲಿಲ್ಲ, ಬೆಲೆ ಸಿಗದ ಬೆಳೆಯ ಮಾತಾಯಿತು, ಕಟ್ಟೆಯ ಮಾತಾಯಿತು. ನಾಚಿಕೆಯ ಭಾರ ಹಂಚಿಹೋಯಿತು.

ಆಮೇಲೆ ಏನಾಯಿತು? ಸಾಲ ಹೆಣ್ಣುಮಕ್ಕಳ ಹೆಸರಿಗೆ ಬಂತು, ಗುಂಪಿನ ಹೆಸರಿಗೆ ಬಂತು. ಬಾಂಗ್ಲಾದೇಶದಲ್ಲಿ 1983ರಲ್ಲಿ ಗ್ರಾಮೀಣ ಬ್ಯಾಂಕ್ ಕಟ್ಟಿದವರು ಆಸ್ತಿಯಿಲ್ಲದವರಿಗೂ ಸಾಲ ಸಿಗಲೆಂದು ಗುಂಪಿನ ನಂಬಿಕೆಯ ಮೇಲೆ ಹಣ ಕೊಟ್ಟರು, ಆ ಆಸೆ ದೊಡ್ಡದು. ನಮ್ಮ ಓಣಿಗಳಿಗೆ ಬರುವ ಹೊತ್ತಿಗೆ ಅದು ಬೇರೆ ರೂಪ ತಾಳಿತ್ತು. ಹತ್ತು ಮಂದಿಯಲ್ಲಿ ಒಬ್ಬಳು ವಾರದ ಕಂತು ಕಟ್ಟದಿದ್ದರೆ ಉಳಿದ ಒಂಬತ್ತು ಮಂದಿ ಏಳುವಂತಿಲ್ಲ. ಕೂಲಿಗೆ ಹೊತ್ತಾಗುತ್ತದೆ, ಮಕ್ಕಳು ಶಾಲೆಗೆ ಹೋಗಬೇಕು, ಎಲ್ಲರ ಕಣ್ಣೂ ಅವಳ ಮೇಲೆ. ನಿನ್ನೆ ಒಲೆಗೆ ಕೆಂಡ ಕೊಟ್ಟವಳೇ ಇಂದು ಬಾಗಿಲಲ್ಲಿ ನಿಂತು ಬೈಯುತ್ತಾಳೆ, ಇಲ್ಲದಿದ್ದರೆ ಅವಳ ಹಣ ಹೋಗುತ್ತದೆ. ನೆರೆಹೊರೆಯೆಂಬ ನೂರಾರು ವರ್ಷಗಳ ಗಳಿಕೆಯನ್ನು ಅಡವಿಟ್ಟು ಸಾಲ ತಂದಂತಾಯಿತು ಇದು. ಈ ಕಾಲದ ಅತಿ ದೊಡ್ಡ ಸಾಮಾಜಿಕ ಹಾನಿ ಇದೇ ಎಂದು ನಾನು ತಿಳಿದಿದ್ದೇನೆ, ಬಡ್ಡಿಯ ದರ ಅದರ ಮುಂದೆ ಎರಡನೆಯದು.

2025ರ ಜನವರಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು, ನಮ್ಮ ಮಾಂಗಲ್ಯ ಉಳಿಸಿ ಎಂದು ಕೇಳಿ, ತಾಳಿಯನ್ನೇ ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿದರು. ಫೆಬ್ರವರಿ 12ಕ್ಕೆ ಸುಗ್ರೀವಾಜ್ಞೆ ಬಂತು. ಕಿರುಸಾಲದ ವಸೂಲಿಗೆ ಕಿರುಕುಳ ಕೊಟ್ಟವರಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಕಾನೂನು ಬಂದದ್ದು ಒಳ್ಳೆಯದೇ. ಅದಕ್ಕೂ ಮೊದಲು ಆ ಅಂಚೆ ಕಚೇರಿಯ ಮುಂದೆ ಆದದ್ದು ನನಗೆ ಹೆಚ್ಚಿನದಾಗಿ ಕಾಣುತ್ತದೆ. ಒಬ್ಬರ ಕಂತಿಗೆ ಒಬ್ಬರು ಕಾವಲು ಕೂತಿದ್ದ ಹೆಂಗಸರು ಅಂದು ಒಂದೇ ಸಾಲಿನಲ್ಲಿ ನಿಂತರು.

ಇನ್ನು ಸಾವಿನ ಮನೆಯ ಮಾತು. ನಮ್ಮ ಕಡೆ ಸಾವಾದ ಮನೆಗೆ ಮಾತಾಡಿಸಲು ಹೋಗುತ್ತೇವೆ. ಹೋಗಿ ಮಾತಾಡುವುದು ಕಡಿಮೆ, ಕಂಬಕ್ಕೆ ಒರಗಿ ಕುಳಿತುಕೊಳ್ಳುವುದೇ ಹೆಚ್ಚು. ಆ ಮನೆಯ ಒಲೆ ಉರಿಯದ ದಿನಗಳಲ್ಲಿ ನೆರೆಯವರು ಬುತ್ತಿ ತರುತ್ತಾರೆ. ಇದಕ್ಕಿಂತ ಒಳ್ಳೆಯ ಆರೈಕೆಯನ್ನು ಯಾವ ಪುಸ್ತಕವೂ ನನಗೆ ಕಲಿಸಿಲ್ಲ. ಆದರೆ ಆತ್ಮಹತ್ಯೆಯಾದ ಮನೆಯಲ್ಲಿ ಈ ಪದ್ಧತಿ ಕುಂಟುತ್ತದೆ. ಮೊದಲು ಪೊಲೀಸರು, ಮರಣೋತ್ತರ ಪರೀಕ್ಷೆ. ಆಮೇಲೆ ಪರಿಹಾರದ ಅರ್ಜಿ: ಸಾಲ ಎಷ್ಟಿತ್ತು, ಯಾವ ಬ್ಯಾಂಕಿನದು, ಕುಡಿಯುತ್ತಿದ್ದನೆ, ಮನೆಯಲ್ಲಿ ಜಗಳವಿತ್ತೆ. 2015ರಿಂದ ಪರಿಹಾರದ ಮೊತ್ತ ಐದು ಲಕ್ಷ. ಅದು ಆ ಕುಟುಂಬದ ಹಕ್ಕು, ಯಾರೂ ಕೊಂಕು ನುಡಿಯಬಾರದು. ಆದರೆ ಪ್ರಶ್ನೆ ಕೇಳುವವರು ಹೆಚ್ಚಾದ ಮನೆಯಲ್ಲಿ ಸುಮ್ಮನೆ ಕೂರುವವರು ಕಡಿಮೆಯಾಗುತ್ತಾರೆ. ದಿವಸದ ಕಾರ್ಯ ಮುಗಿಯಿತೆಂದರೆ ಓಣಿ ತನ್ನ ಕೆಲಸಕ್ಕೆ ಹೋಗುತ್ತದೆ.

ಅಂಥ ಒಂದು ಮನೆಯನ್ನು ಹೇಳುತ್ತೇನೆ. ಊರು, ಹೆಸರು ಬೇಡ. ಗಂಡ ಹೋಗಿ ಮೂರನೆಯ ತಿಂಗಳು. ಆಕೆ ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು, ಕಿಲೋ ಲೆಕ್ಕದ ಕೂಲಿ. ಬೆರಳುಗಳು ಉರಿಯಿಂದ ಕೆಂಪಾಗಿದ್ದವು. "ಮೊದಲನೇ ವಾರ ಮನ್ಯಾಗ ಕುಂದ್ರಾಕ ಜಾಗಾ ಇದ್ದಿಲ್ರಿ. ಈಗ ಕದಾ ತಗದ್ರ ಗಾಳಿ ಅಷ್ಟ ಬರತೈತಿ" ಎಂದಳು. ಸಂಜೆಯಾಗುತ್ತಲೇ ಪಕ್ಕದ ಮನೆಯ ಮುದುಕಿಯೊಬ್ಬರು ಹಿಟ್ಟಿನ ಡಬ್ಬಿ ಹಿಡಿದು ಬಂದರು. ಕೇಳದೆಯೇ ಒಲೆ ಹೊತ್ತಿಸಿದರು, ಕೊಣಮಿಗೆಯಲ್ಲಿ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದರು. ಎರಡು ಮನೆಯ ರೊಟ್ಟಿಯೂ ಈ ಒಲೆಯ ಮೇಲೆಯೇ. ದಿನಾಲೂ ಹೀಗೆಯೇ ಎಂದು ಗೊತ್ತಾಯಿತು. ನಾನು ಆ ಅಜ್ಜಿಯನ್ನು, ನೀವು ಈಕೆಗೆ ಏನು ಹೇಳುತ್ತೀರಿ ಎಂದು ಕೇಳಿದೆ. "ನಾ ಏನ ಬುದ್ಧಿ ಹೇಳಾಕ ಬರಂಗಿಲ್ಲೋ ತಮ್ಮಾ, ರೊಟ್ಟಿ ಬಡ್ಯಾಕ ಬರ್ತೀನಿ. ಒಂದ ರೊಟ್ಟಿ ಬಿಸೀದು ಇಕಿ ಕೈಯಾಗ ಕೊಡ್ತೀನಿ, ತಿಂತಾಳ" ಎಂದರು. ಊಟವನ್ನೇ ಬಿಟ್ಟಿದ್ದ ಹೆಣ್ಣುಮಗಳು ಆ ಒಂದು ರೊಟ್ಟಿಯಿಂದ ಮತ್ತೆ ಉಣ್ಣಲು ಕಲಿತಿದ್ದಳು.

ಮನೋವೈದ್ಯರು ಇದನ್ನು ಕೇಳಿ ನಗುವ ಕಾಲ ಹೋಯಿತು. ಜಿಂಬಾಬ್ವೆಯ ಹರಾರೆಯಲ್ಲಿ ಡಾ. ಡಿಕ್ಸನ್ ಚಿಬಾಂಡಾ 2006ರಲ್ಲಿ ಹದಿನಾಲ್ಕು ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು ಆಸ್ಪತ್ರೆಯ ಅಂಗಳದ ಮರದ ಬೆಂಚಿನ ಮೇಲೆ ಕೂರಿಸಿದರು. ಅವರ ಜೊತೆ ಕೂತು ಮಾತಾಡಿದವರಲ್ಲಿ ಖಿನ್ನತೆ ಇಳಿಯಿತೆಂದು 2016ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿತು. ಇತ್ತ ಗೋವಾದಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು, ವೈದ್ಯರಲ್ಲದ ಸ್ಥಳೀಯರೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಂಥ ಸಾಂತ್ವನದ ಕೆಲಸವನ್ನು ಚೆನ್ನಾಗಿ ಮಾಡಬಲ್ಲರೆಂದು ಸಾಬೀತುಪಡಿಸಿದರು.

ಕರ್ನಾಟಕವಂತೂ ಈ ದಾರಿಯಲ್ಲಿ ಮುಂಚೂಣಿಯಲ್ಲಿ ನಡೆದ ನಾಡು. ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು. ನಮ್ಮ ಕಡೆ ಯಾರನ್ನಾದರೂ "ಧಾರವಾಡಕ್ಕ ಒಯ್ಯಬೇಕು" ಎಂದರೆ ಅದು ಬೈಗುಳವಾಗಿಬಿಟ್ಟಿರುವುದು ನೋವಿನ ಸಂಗತಿ, ಯಾಕೆಂದರೆ ಅಲ್ಲಿಗೆ ಹೋಗಿ ಗುಣವಾಗಿ ಬಂದವರು ನಮ್ಮ ನಡುವೆಯೇ ಇದ್ದಾರೆ. 1985ರಿಂದ ಐದು ವರ್ಷ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗದ ಆರೈಕೆ ಕಲಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ತೀವ್ರ ಮನೋರೋಗವಿರುವವರನ್ನು ಊರಿನಲ್ಲೇ ಇಟ್ಟು ನೋಡಿಕೊಳ್ಳುವ ಕೆಲಸ ಬಹುಕಾಲದಿಂದ ನಡೆದಿದೆ. ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ಮನೋಚೈತನ್ಯ ಯೋಜನೆಯೂ ನಮ್ಮ ರಾಜ್ಯದ್ದೇ.

ಹಾಗೆಂದು ಅಜ್ಜಿಯ ರೊಟ್ಟಿ ಸಾಕು, ಗುಳಿಗೆ ಬೇಡ ಎಂದು ದಯವಿಟ್ಟು ಯಾರೂ ತಿಳಿಯಬೇಡಿ. ನಿದ್ದೆ ಪೂರಾ ಹೋದವನಿಗೆ, ಸಾಯುವ ಮಾತಾಡುವವನಿಗೆ ವೈದ್ಯರು ಬೇಕು, ಇವತ್ತೇ ಬೇಕು. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆತ್ಮಹತ್ಯೆಗೆ ಪ್ರಯತ್ನಪಟ್ಟು ಬದುಕುಳಿದವರನ್ನು ಮನೆಯವರು ಕೇಸಿನ ಹೆದರಿಕೆಯಿಂದ ಹೊಟ್ಟೆನೋವು ಎಂದು ಹೇಳಿ ಬಚ್ಚಿಡುತ್ತಾರೆ. ಆ ಹೆದರಿಕೆ ಇನ್ನು ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಕಂಡು, ಆರೈಕೆ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹಾಕಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವರನ್ನು ಅಪರಾಧಿಗಳೆನ್ನುತ್ತಿದ್ದ ಹಳೆಯ 309ನೇ ಕಲಮು ಇಲ್ಲವೇ ಇಲ್ಲ. ಇನ್ನೊಂದು ಸಣ್ಣ ಮಾತು: ಹೊಲಕ್ಕೆ ಹೊಡೆಯುವ ಎಣ್ಣೆ ಮನೆಯೊಳಗೆ ಇರಬಾರದು. ತಮಿಳುನಾಡಿನ ಎರಡು ಹಳ್ಳಿಗಳಲ್ಲಿ ಡಾ. ಲಕ್ಷ್ಮೀ ವಿಜಯಕುಮಾರ್ ಅವರ ತಂಡ ಊರಿಗೊಂದು ಬೀಗದ ಕೋಣೆ ಕಟ್ಟಿಸಿ ಕೀಟನಾಶಕವನ್ನು ಅಲ್ಲಿಡಿಸಿತು. ನಮ್ಮ ಸಹಕಾರಿ ಸಂಘಗಳ ಗೋದಾಮಿನಲ್ಲಿ ಅಷ್ಟು ಜಾಗ ಇದ್ದೇ ಇದೆ.

ಕುಡಿತದ ಮಾತೆತ್ತದೆ ಈ ವಿಷಯ ಮುಗಿಯದು. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಾಕಿಕೊಂಡು ಊರೂರು ಅಲೆದರು. ಕಾಳು ಕಡಿ ಬೇಡಲಿಲ್ಲ, ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿ ಎಂದು ಬೇಡಿದರು. ಅವರ ಹುಟ್ಟುಹಬ್ಬ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ. ಕುಡುಕನೆಂದು ಊರೇ ದೂರ ಇಟ್ಟವನ ಹೊಸ್ತಿಲಿಗೆ ಸ್ವಾಮಿಗಳೇ ಬಂದು ಬೇಡಿ ನಿಂತಾಗ, ಕೊಡಲು ತನ್ನ ಬಳಿಯೂ ಏನೋ ಇದೆ ಎಂದು ಅವನಿಗೆ ಅನ್ನಿಸಿರಬೇಕು. ಆ ಗೌರವದಲ್ಲಿಯೇ ಅರ್ಧ ಚಿಕಿತ್ಸೆ ಇತ್ತು. ಉಳಿದರ್ಧ ಮರುದಿನದ ಸಂಜೆ ಆರು ಗಂಟೆಯದು. ಆ ಹೊತ್ತಿಗೆ ಅವನ ಜೊತೆ ಯಾರಿರುತ್ತಾರೆ ಎಂಬುದನ್ನು ಓಣಿಯವರೇ ನೋಡಬೇಕು.

ಓಣಿ ಎಂದೆ. ಯಾರ ಓಣಿ? ಮೇಲಿನ ಕೇರಿಯವರು ಕೆಳಗಿನ ಕೇರಿಯ ಸಾವಿಗೆ ರಸ್ತೆಯಲ್ಲೇ ನಿಂತು ಎರಡು ಮಾತಾಡಿ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಳಗೆ ಹೋಗಿ ಕೂರುವುದಿಲ್ಲ, ಆ ಮನೆಯ ನೀರು ಮುಟ್ಟುವುದಿಲ್ಲ. ಹೀಗಿರುವಾಗ ಸಮುದಾಯದ ಆರೈಕೆ ಎಂಬ ಮಾತು ಅರ್ಧ ಊರಿಗೆ ಮಾತ್ರ ತಲುಪುತ್ತದೆ. ಶರೀಫರ ಗುರು ಗೋವಿಂದಭಟ್ಟರು ಆ ಮುಸಲ್ಮಾನರ ಹುಡುಗನನ್ನು ಶಿಷ್ಯನನ್ನಾಗಿ ಮನೆಯೊಳಗೆ ಕರೆದುಕೊಂಡಾಗ ಇಬ್ಬರನ್ನೂ ಅವರವರ ಜನವೇ ದೂಷಿಸಿತೆಂದು ಹೇಳುತ್ತಾರೆ. ಇವತ್ತು ಶಿಶುವಿನಹಾಳದ ಗದ್ದುಗೆಗೆ ಎರಡೂ ಕಡೆಯವರು ನಡೆದುಕೊಳ್ಳುತ್ತಾರೆ. ನಾವು ಹೆಮ್ಮೆಪಡುವ ಆ ಸೌಹಾರ್ದ ತಾನಾಗಿ ಮೊಳೆತದ್ದಲ್ಲ. ಇಬ್ಬರು ಮನುಷ್ಯರು ಬೈಗುಳ ತಿಂದು ಅದನ್ನು ಕಟ್ಟಿದರು.

ಇನ್ನು ಈ ಎರಡು ದಿನಗಳ ಗೋಷ್ಠಿಗಳಿಂದ ನಾನು ಬಯಸುವುದಿಷ್ಟು. ಪ್ರಬಂಧ ಮಂಡಿಸುವವರು ಸಾವಿನ ಕಾರಣಗಳನ್ನು ಹುಡುಕಿದಷ್ಟೇ ಶ್ರದ್ಧೆಯಿಂದ, ಅದೇ ಸಾಲ, ಅದೇ ಬರ ಕಂಡೂ ಬದುಕಿ ಉಳಿದ ಮನೆಗಳನ್ನು ಹುಡುಕಲಿ, ಅಲ್ಲಿ ಸಂಜೆ ಹೊತ್ತು ಯಾರು ಬಂದು ಕೂರುತ್ತಿದ್ದರೆಂದು ಕೇಳಲಿ. ಸಂಘದ ಅಕ್ಕಂದಿರು ವಾರಕ್ಕೊಮ್ಮೆ ಸೇರುವ ಹೊತ್ತಿನಲ್ಲಿ ಕಂತಿನ ಪುಸ್ತಕ ತೆರೆಯದ ಒಂದು ವಾರವನ್ನು ತಿಂಗಳಲ್ಲಿ ಇಟ್ಟುಕೊಳ್ಳಬಹುದೇ ಎಂದು ಯೋಚಿಸಲಿ. ಮತ್ತು ಈ ಕೆಲಸವನ್ನೆಲ್ಲ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಾಗಬಾರದು. ಈಗಿರುವ ಹೊರೆಗೇ ಅವರಿಗೆ ನ್ಯಾಯವಾದ ಸಂಬಳ ಸಿಗುತ್ತಿಲ್ಲ.

ಸುತ್ತಲಿನ ಗ್ರಾಮ ಪಂಚಾಯ್ತಿಗಳ ಸದಸ್ಯರು ಮುಂದಿನ ಸಾಲಿನಲ್ಲಿ ಕುಳಿತಿದ್ದೀರಿ. ಕಳೆದ ಎರಡು ವರ್ಷಗಳಲ್ಲಿ ನಿಮ್ಮ ವ್ಯಾಪ್ತಿಯಲ್ಲಿ ಹೀಗೆ ಸಾವು ಕಂಡ ಮನೆಗಳು ಯಾವುವು ಎಂದು ನಿಮಗೆ ಗೊತ್ತಿದೆ. ಪರಿಹಾರದ ಕಡತ ಮುಚ್ಚಿದ ಮೇಲೆ ಆ ಮನೆಗಳಿಗೆ ಪಂಚಾಯ್ತಿಯಿಂದ ಯಾರು ಹೋಗಿದ್ದರು, ಆ ಮಕ್ಕಳು ಶಾಲೆಯಲ್ಲಿದ್ದಾರೆಯೇ, ಹೊಲದ ಉತಾರ ಆ ಹೆಣ್ಣುಮಗಳ ಹೆಸರಿಗೆ ಬಂದಿದೆಯೇ? ನಾಳೆ ಮಧ್ಯಾಹ್ನದ ಗೋಷ್ಠಿ ಈ ಮೂರು ಪ್ರಶ್ನೆಗಳಿಗೆ ನೀವು ಕೊಡುವ ಉತ್ತರದಿಂದ ಶುರುವಾಗಲಿ ಎಂದು ಸಂಘಟಕರನ್ನು ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ.