ಮಾತು ಬರುತ್ತೆ, ಭಯ ಹೋಗಬೇಕು
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)

ನಮ್ಮ ಹಾಸ್ಟೆಲುಗಳಿಗೆ ಹೊಸದಾಗಿ ಬರುವ ಐದನೇ ಕ್ಲಾಸಿನ ಹುಡುಗರನ್ನು ನೋಡಿ. ಮೇಷ್ಟ್ರು ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಾರೆ. 'ಇವಕ್ಕೆ ಮಾತೇ ಬರಲ್ಲ' ಅಂತ ದೊಡ್ಡ ಕ್ಲಾಸಿನವರೂ ಹೇಳಿಬಿಡ್ತಾರೆ. ಇದೇ ಹುಡುಗರು ಕೇರಿಯಲ್ಲಿ ಜಗಳ ಬಿಡಿಸ್ತಾರೆ, ಅಂಗಡಿಯವನ ಹತ್ರ ಚಿಲ್ಲರೆ ಲೆಕ್ಕ ಕೇಳ್ತಾರೆ, ಅಜ್ಜಿಯಿಂದ ಕೇಳಿದ ಕತೆಯನ್ನ ಅಕ್ಷರ ಬಿಡದೆ ಒಪ್ಪಿಸ್ತಾರೆ. ಇವರಿಗೆ ಮಾತು ಬರುತ್ತೆ. ಕ್ಲಾಸಿನಲ್ಲಿ ಅದನ್ನ ತಡೆಯುವುದು ಭಯ.

ಆ ಭಯ ಎಲ್ಲಿಂದ ಬಂತು? 'ಹಾಲು' ಅನ್ನೋದಕ್ಕೆ 'ಆಲು' ಅಂದಾಗ ಇಡೀ ಕ್ಲಾಸು ನಕ್ಕಿತಲ್ಲ, ಅಲ್ಲಿಂದ. ಹಳೇ ಮೈಸೂರು ಕಡೆಯ ಹಳ್ಳಿಗಳಲ್ಲಿ ಜನ ಮಾತಾಡುವುದೇ ಹಾಗೆ. ಬರೆಯುವಾಗ 'ಹಾಲು' ಅಂತ ಬರೆಯೋದನ್ನ ಖಂಡಿತ ಕಲಿಸೋಣ. ಆದರೆ ಹುಡುಗನ ಮಾತು ಮುಗಿಯುವ ಮೊದಲೇ ತಿದ್ದಬೇಡಿ. ಅವ್ವನ ಮಾತಿಗೆ ನಕ್ಕರೆ ಅವನು ಬಾಯಿ ಮುಚ್ಚೋದನ್ನ ಮಾತ್ರ ಕಲೀತಾನೆ.

1920ರ ಜನವರಿ 31ರಂದು ಬಾಬಾಸಾಹೇಬರು ಶುರು ಮಾಡಿದ ಪತ್ರಿಕೆಯ ಹೆಸರು 'ಮೂಕನಾಯಕ'. ಆ ಜನಕ್ಕೆ ನಾಲಿಗೆ ಇರಲಿಲ್ಲವೆ? ಇತ್ತು. ಅವರ ಮಾತಿಗೆ ಜಾಗ ಇರಲಿಲ್ಲ. ಅಮೆರಿಕದಲ್ಲಿ ಇಂಗ್ಲಿಷಿನಲ್ಲಿ ಓದಿ ಬಂದವರು ಪತ್ರಿಕೆ ಹೊರಡಿಸಿದ್ದು ತಮ್ಮ ಜನರ ಮರಾಠಿಯಲ್ಲಿ. ನಮ್ಮ ಹಾಸ್ಟೆಲಿನಲ್ಲೂ ಅಂಥ ಒಂದು ಜಾಗ ಮಾಡಬೇಕು. ಅದಕ್ಕೆ ದುಡ್ಡು ಬೇಡ.

ರಾತ್ರಿ ಊಟವಾದ ಮೇಲೆ ಐದಾರು ಜನ ದುಂಡಗೆ ಕೂತುಕೊಳ್ಳಿ. ಅರ್ಧ ಗಂಟೆ ಸಾಕು. ಒಬ್ಬ ಪೇಪರಿನ ಒಂದು ಸುದ್ದಿ ಗಟ್ಟಿಯಾಗಿ ಓದಲಿ. ಇನ್ನೊಬ್ಬ ಅದನ್ನ ತನ್ನ ಮಾತಲ್ಲಿ ಹೇಳಲಿ. ಮೂರನೆಯವನು ಒಂದು ಪ್ರಶ್ನೆ ಕೇಳಲಿ. ವಾದ ಮಾಡುವ ಮುಂಚೆ 'ನೀನು ಹೇಳಿದ್ದು ಇದು ತಾನೆ?' ಅಂತ ಕೇಳುವ ರೂಢಿ ಮಾಡಿಸಿ. ಕೇಳಿಸಿಕೊಳ್ಳದವನಿಗೆ ಮಾತು ಹತ್ತೋದಿಲ್ಲ. ಯಾರೂ ನಗಕೂಡದು, ಇದೊಂದೇ ಕಾನೂನು.

ಆಮೇಲೆ ದೂರು ಹೇಳೋದನ್ನ ಕಲಿಸಿ. 'ಊಟ ಸರಿಯಿಲ್ಲ ಸಾರ್' ಅಂದರೆ ಗದರಿಸಿ ಕಳಿಸ್ತಾರೆ. 'ಸೋಮವಾರ, ಮಂಗಳವಾರ ಎರಡು ರಾತ್ರಿ ಸಾರಿನಲ್ಲಿ ಬೇಳೆ ಇರಲಿಲ್ಲ. ನಾವು ನಲವತ್ತು ಜನ ಉಂಡಿದ್ದೀವಿ. ನಾಳೆಯಿಂದ ಅಳತೆ ಪ್ರಕಾರ ಹಾಕಿಸಿ ಸಾರ್' ಅಂದರೆ ಸುಲಭಕ್ಕೆ ತಳ್ಳಿಹಾಕೋಕಾಗಲ್ಲ. ಯಾವತ್ತು, ಏನು, ಎಷ್ಟು ಜನಕ್ಕೆ, ಈಗ ಏನಾಗಬೇಕು: ಈ ನಾಲ್ಕನ್ನ ನಿಂತು ಹೇಳಲಿ. ಆಮೇಲೆ ಅದನ್ನೇ ಕಾಗದದಲ್ಲಿ ಬರೆಯಲಿ, ಅರ್ಜಿಯಾಗುತ್ತೆ. ನಾಳೆ ತಾಲ್ಲೂಕು ಕಚೇರಿಯಲ್ಲಿ ಅಪ್ಪನ ಜಮೀನಿನ ಬಗ್ಗೆ ಕೇಳಬೇಕಾದವನೂ ಇದೇ ಹುಡುಗ.

ಹುಡುಗಿಯರ ಹಾಸ್ಟೆಲಿನಲ್ಲಿ ಇದು ಇನ್ನೂ ಜರೂರು. ಅಲ್ಲಿ ಸುಮ್ಮನಿದ್ದರೆ 'ಒಳ್ಳೇ ಹುಡುಗಿ' ಅಂತ ಬೇರೆ ಹೊಗಳ್ತಾರೆ.

ಸಂವಿಧಾನದ 19ನೇ ವಿಧಿ ಮಾತಾಡುವ ಹಕ್ಕು ಕೊಟ್ಟಿದೆ. ಎದ್ದು ನಿಲ್ಲುವ ಧೈರ್ಯವನ್ನ ಚಿಕ್ಕವರಿಗೆ ದೊಡ್ಡವರು ಕೊಡಬೇಕು. ಪ್ರತಿ ಸಭೆಯಲ್ಲೂ ಮೈಕು ಅದೇ ನಾಲ್ಕು ಜನರ ಕೈಯಲ್ಲಿ ಇರೋದು ಬೇಡ. ಮುಂದಿನ ಸಭೆಯಲ್ಲಿ ಆರನೇ ಕ್ಲಾಸಿನ ಒಬ್ಬ ಹುಡುಗ, ಒಬ್ಬ ಹುಡುಗಿ ಮೊದಲು ಮಾತಾಡಲಿ. ನಾವು ಕೆಳಗೆ ಕೂತು ಕೇಳೋಣ.

ಜೈಭೀಮ್.